ಅಳದೇ ಬೆಳೆದ ಮಗು

ಬೆಳಿಗ್ಗೆ ಹಾಲಿನವನು ಗೇಟಿಗೆ ಸಿಕ್ಕಿಸಿ ಹೋದ ಪ್ಯಾಕೆಟ್ಟನ್ನು ಒಳಗೆ ತಂದು, ತೊಳೆದು, ಮೂಲೆ ಕತ್ತರಿಸಿ, ಆ ಕತ್ತರಿಸಿದ ಚೂರನ್ನು ಕಸದ ಬುಟ್ಟಿಗೇ ಹಾಕಿದೆ. ಅದು ಸಿಂಕಿನ ಜಾಲರಿಯಲ್ಲಿ ಸಿಕ್ಕಿಕೊಂಡರೆ ತೆಗೆಯುವವಳು ನಾನೇ. ಯಜಮಾನರು ಬಸ್ ಡಿಪೋಗೆ ಹೊರಡುವ ಗಡಿಬಿಡಿಯಲ್ಲಿ ಒಂದು ಸಾಕ್ಸನ್ನು ಕೈಯಲ್ಲಿ ಹಿಡಿದುಕೊಂಡು ಇನ್ನೊಂದನ್ನು ಹುಡುಕುತ್ತಿದ್ದರು. ದಿನಾ ಹುಡುಕುತ್ತಾರೆ. ದಿನಾ ಅದು ಮೊದಲನೆಯದರ ಒಳಗೇ ಸುತ್ತಿಕೊಂಡಿರುತ್ತದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಹಾಗೆ ಜೋಡಿ ಮಾಡಿ ಮಡಿಸಿಡುವುದು ನನ್ನ ಅಭ್ಯಾಸ. ಮಡಿಸಿದ್ದನ್ನು ಬಿಚ್ಚಿ ನೋಡಬೇಕೆಂದು ಅವರಿಗೆ ಇಪ್ಪತ್ತು ವರ್ಷದಿಂದ ಹೊಳೆದಿಲ್ಲ.

ಅಷ್ಟರಲ್ಲಿ ಸುಧಾ ಬಂದಳು. ನನ್ನ ಮೈದುನ ಮಾದೇಶನ ಹೆಂಡತಿ, ಉಡಿಗಾಲದ ಹುಡುಗಿ. ಇಲ್ಲೇ ಗುಂಡ್ಲುಪೇಟೆಯಲ್ಲಿ ನಮ್ಮ ಹಿಂದಿನ ಬೀದಿಯಲ್ಲಿ ಒಂದು ರೂಮು ಮಾಡಿಕೊಂಡು ಮಗುವಿನ ಜೊತೆ ಇದ್ದಾಳೆ. ಚಾಮರಾಜನಗರದ ಹತ್ತಿರದ ಗಾರ್ಮೆಂಟ್ಸ್‌ಗೆ ಹೋಗುವ ಬಸ್ಸು ತಪ್ಪಬಾರದೆಂದು ಪುಟ್ಟಿಯನ್ನು ತನ್ನ ಸೊಂಟದಿಂದ ನನ್ನ ಸೊಂಟಕ್ಕೆ ದಾಟಿಸಿ, "ಸಂಜೆ ಅವರು ಬತ್ತೀನಿ ಅಂದವ್ರೆ ಅಕ್ಕಾ. ನೋಡಿ, ನೆಟ್ಟಗಿದ್ರೆ ಮಾತ್ರ ಮಗು ಕೊಡಿ" ಎಂದು ಓಡಿದಳು. ಅವಳು ತಿರುವಿನಲ್ಲಿ ಮರೆಯಾದದ್ದೇ ತಡ, ಪುಟ್ಟಿ ಬಾಯಿ ತೆರೆದಳು. ಎರಡೂವರೆ ವರ್ಷದ ಮಗುವಿನ ಗಂಟಲಿನಲ್ಲಿ ಅಷ್ಟು ಗಾಳಿ ಎಲ್ಲಿ ಹಿಡಿಸುತ್ತದೋ ತಿಳಿಯದು.

"ಶುರುವಾಯ್ತಾ ಸುಪ್ರಭಾತ?" ಎಂದು ಕಾಂಪೌಂಡಿನ ಮೇಲಿಂದ ಪಕ್ಕದ ಮನೆ ಪದ್ಮಮ್ಮ ತಲೆ ಎತ್ತಿದರು. ಅವರ ಮೊಮ್ಮಗನೂ ಪುಟ್ಟಿಯ ವಯಸ್ಸಿನವನೇ. ಅವನ ದನಿ ಹೇಗಿದೆಯೆಂದು ನನಗೆ ಈವರೆಗೆ ಗೊತ್ತಿಲ್ಲ.

ಮಗುವನ್ನು ಹೆಗಲಿಗೆ ಹಾಕಿಕೊಂಡು ಗೇಟಿನ ತನಕ ಹೋದೆ. ಬೀದಿಯ ತುದಿಯಲ್ಲಿ ಒಂದು ಗೂಡ್ಸ್ ಆಟೋ ಕೆಟ್ಟು ನಿಂತಿತ್ತು, ಮೇಲೆ ಗೋಪುರದಂತೆ ಚೆಂಡುಹೂವಿನ ಮೂಟೆಗಳು. ಆಷಾಢದ ಗಾಳಿ ಆ ವಾಸನೆಯನ್ನು ನೇರವಾಗಿ ನನ್ನ ಮುಖಕ್ಕೇ ತಂದು ಹೊಡೆಯಿತು. ಚೆಂಡುಹೂವಿನದು ಹೂವಿನ ವಾಸನೆಯಲ್ಲ, ಎಲೆ ಕಿವುಚಿದ ಕಹಿ. ಅದೇ ಹೂವು ಮಳೆಯಲ್ಲಿ ನೆಂದು, ಮೂಟೆಯೊಳಗೆ ಬೆಚ್ಚಗಾಗಿ, ಒಂದೆರಡು ದಿನ ಕೂತರೆ ಹುಳಿ ಹಿಡಿದ ಹೆಂಡದಂತೆ ನಾರುತ್ತದೆ. ಹೋದ ವರ್ಷದ ಹೂವಿನ ಕಾಲ ಪೂರ್ತಿ ನಾನು ಈ ವಾಸನೆಯಲ್ಲೇ ಮಲಗಿ ಎದ್ದಿದ್ದೇನೆ. ಸೀರೆಯಿಂದ ಅದು ಹೋಗುವ ಹೊತ್ತಿಗೆ ದೀಪಾವಳಿ ಬಂದಿತ್ತು.

ಹೋದ ವರ್ಷ ನನ್ನನ್ನು ಗಂಡನ ಊರಾದ ಹಂಗಳಕ್ಕೆ ಕಳಿಸಿದ್ದು ಯಾರು ಎಂದು ಕೇಳಿದರೆ ಹೆಸರು ಹೇಳಲು ಬರುವುದಿಲ್ಲ. ಮಗಳು ಮೈಸೂರಿನ ಹಾಸ್ಟೆಲ್ ಸೇರಿದ್ದರಿಂದ ನಾನು ಖಾಲಿ ಇದ್ದೇನೆಂದು ಮನೆಮಂದಿಯೆಲ್ಲ ತಾವೇ ಮಾತಾಡಿಕೊಂಡು ಮುಗಿಸಿದ್ದರು. ಯಜಮಾನರಿಗೆ ಕೆಲಸ ಸಿಕ್ಕ ಮೇಲೆ ಹಂಗಳದಲ್ಲಿ ಕೊಂಡ ಒಂದು ಹೊಲವಿದೆ. ಅದನ್ನು ನೋಡಿಕೊಳ್ಳುವವನು ಅವರ ತಮ್ಮ ಮಾದೇಶ, ನಾವೆಲ್ಲ ಕರೆಯುವುದು ಮಾದು. ಅತ್ತೆ ಅವನ ಜೊತೆಗೇ ಇರುತ್ತಾರೆ. ಕಾಡಿನ ಅಂಚಿನ ಹೊಲ, ರಾಗಿ ಜೋಳ ಹಾಕಿದರೆ ಆನೆಗೆ ಹಾಕಿದ ಹಾಗೆ. ಅದಕ್ಕೇ ಎಲ್ಲರಂತೆ ಇವನೂ ಹೂವಿನಿಂದ ಬಣ್ಣ ತೆಗೆಯುವ ಫ್ಯಾಕ್ಟರಿಗೆ ಚೆಂಡುಹೂವು ಬೆಳೆಯುತ್ತಿದ್ದ. ಸುಧಾ ಆಗ ಅಲ್ಲೇ ಇದ್ದು ಬೆಳಕು ಹರಿಯುವ ಮೊದಲೇ ಗಾರ್ಮೆಂಟ್ಸ್‌ಗೆ ಹೊರಟುಬಿಡುತ್ತಿದ್ದಳು. ಅತ್ತೆಗೆ ಮಂಡಿನೋವು. ಹೂ ಕೀಳುವ ಆಳುಗಳಿಗೆ ಅಡುಗೆಯಾಗಬೇಕು, ಒಂದೂವರೆ ವರ್ಷದ ಮಗುವನ್ನು ನೋಡಿಕೊಳ್ಳಬೇಕು.

"ಹೂ ಮುಗಿಯೋವರೆಗೂ ಇದ್ದು ಬಾ. ಹವಾನೂ ಚೆನ್ನಾಗಿದೆ" ಎಂದರು ಯಜಮಾನರು, ನನ್ನನ್ನು ಊಟಿಗೆ ಕಳಿಸುವವರ ಹಾಗೆ.

ಹೋದ ದಿನವೇ ಸುಧಾ ಒಲೆಯ ಮುಂದೆ ನಿಂತು ನನಗೆ ವಿಷಯ ತಿಳಿಸಿದಳು. "ಅಕ್ಕಾ, ನಾನು ಇವರಿಗೂ ಏಳಿದ್ದೀನಿ, ನಿಮಗೂ ಏಳ್ತೀನಿ. ಹೂ ಮುಗಿಯೋದ್ರೊಳಗೆ ಕುಡಿಯೋದು ಬುಟ್ರೆ ಸರಿ. ಇಲ್ಲಾಂದ್ರೆ ಮಗು ಎತ್ಕೊಂಡು ಓಗ್ಬುಡ್ತೀನಿ. ಆಮೇಲೆ ಯಾರು ಬಂದು ಕರೆದ್ರೂ ಬರಲ್ಲ." ಅಳಲಿಲ್ಲ, ಕೂಗಲಿಲ್ಲ. ಗಾರ್ಮೆಂಟ್ಸಿನ ಗುರುತಿನ ಚೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಹೇಳಿದಳು. ಮಾಡುವವಳು ಎಂದು ನನಗೆ ಆಗಲೇ ಅನಿಸಿತು.

ಮಾದು ಕುಡಿದು ಗಲಾಟೆ ಮಾಡುವವನಾಗಿದ್ದರೆ ಬೈಯಲಾದರೂ ಸುಲಭವಿತ್ತು. ಮೂವತ್ತು ದಾಟಿದ ಗಂಡಸು, ದಿನವಿಡೀ ದುಡಿಯುತ್ತಾನೆ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ನನ್ನ ಮುಂದೆ ದನಿ ಎತ್ತಿ "ಅತ್ತಿಗೆ" ಎಂದವನೂ ಅಲ್ಲ. ಸಂಜೆ ಜಗುಲಿಯಲ್ಲಿ ಪೇರಿಸಿದ ಮೂಟೆಗಳ ನಡುವೆ ಒಂದು ಗೂಡು ಮಾಡಿಕೊಂಡು ಕೂರುತ್ತಿದ್ದ. ಮಕ್ಕಳ ಜ್ಯೂಸಿನ ಪ್ಯಾಕೆಟ್ಟಿನಂಥದೇ ವಿಸ್ಕಿಯ ಪ್ಯಾಕೆಟ್ಟು. ಮೂಲೆಯನ್ನು ಹಲ್ಲಿನಿಂದ ಕಚ್ಚಿ, ಕಣ್ಣು ಮುಚ್ಚಿ ಹೀರುತ್ತಿದ್ದ. ಹೀರುವಾಗ ಹುಬ್ಬಿನ ಗಂಟು ಸಡಿಲವಾಗುವುದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದ್ದೇನೆ. ಇನ್ನೊಂದು ಗಮನಿಸಿದೆ. ಟೆಂಪೋ ಬರಲು ತಡವಾಯಿತು, ಯಾರೋ ಒಂದು ಮಾತು ಅಂದರು, ಮಳೆ ಹಿಡಿಯಿತು, ಏನೇ ಆಗಲಿ, ಅವನ ಮುಖ ಬದಲಾಗುವ ಮೊದಲೇ ಕೈ ಜೇಬಿಗೆ ಹೋಗುತ್ತಿತ್ತು. ಮುಖಕ್ಕೆ ಬೇಸರವಾಗಲು ಪುರುಸೊತ್ತೇ ಸಿಗುತ್ತಿರಲಿಲ್ಲ.

ಇನ್ನು ಅವನನ್ನು ಸರಿಮಾಡಲು ಹೊರಟವರ ಕಥೆ. ಯಜಮಾನರು ಫೋನಿನಲ್ಲಿ, "ಮನಸ್ಸು ಗಟ್ಟಿ ಮಾಡ್ಕೊಳ್ಳೋ, ಅಷ್ಟೇ ಇರೋದು" ಎನ್ನುತ್ತಿದ್ದರು. ಸಾಕ್ಸ್ ಹುಡುಕಲು ಮನಸ್ಸು ಗಟ್ಟಿ ಮಾಡಿಕೊಳ್ಳದವರು. ಅತ್ತೆಯ ಅಣ್ಣ ಒಂದು ತಾಯತ ತಂದರು. ಹೂ ಕೀಳಲು ಬರುತ್ತಿದ್ದ ಹೆಂಗಸೊಬ್ಬಳು, ಗೊತ್ತಾಗದ ಹಾಗೆ ಸಾರಿಗೆ ಬೆರೆಸಿದರೆ ಮೂರೇ ಹೊತ್ತಿಗೆ ಕುಡಿತ ಬಿಡಿಸುವ ಪುಡಿಯಿದೆ ಎಂದಳು. ನಾನು ಬೇಡವೆಂದೆ. ನಾನು ಬಟ್ಟೆ ಒಣಹಾಕಲು ಹೋದಾಗ ಅತ್ತೆ ಬೆರೆಸಿಯೇಬಿಟ್ಟರು. ಮನೆಯವರಿಗೆ, ಆಳುಗಳಿಗೆ, ಎಲ್ಲರಿಗೂ ಹೊಟ್ಟೆ ಕೆಟ್ಟಿತು, ಮಾದು ಒಬ್ಬನನ್ನು ಬಿಟ್ಟು. ಅವನು ಅಂದು ಊಟವನ್ನೇ ಮಾಡಿರಲಿಲ್ಲ.

"ಪುಡಿ ಕೆಲ್ಸ ಮಾಡ್ತದೆ ಅಂತ ಆಯ್ತಲ್ಲವ್ವ" ಎಂದರು ಅತ್ತೆ.

ನಾನು ಸ್ಟವ್ವನ್ನು ಉಜ್ಜಲು ಹೋದೆ. ಸಿಟ್ಟು ಬಂದಾಗ ನನಗೆ ಬಯ್ಯಲು ಬರುವುದಿಲ್ಲ, ಉಜ್ಜಲು ಬರುತ್ತದೆ. ಆ ಕಾಲದಲ್ಲಿ ಹಂಗಳದ ಮನೆಯ ಪಾತ್ರೆಗಳಷ್ಟು ಬೆಳ್ಳಗಿನ ಪಾತ್ರೆ ಇಡೀ ತಾಲ್ಲೂಕಿನಲ್ಲಿ ಇರಲಿಕ್ಕಿಲ್ಲ.

ಕೊನೆಗೆ ನಾನೇ ಹಟ ಹಿಡಿದು ಚಾಮರಾಜನಗರದ ಆಸ್ಪತ್ರೆಗೆ ಹೊರಡಿಸಿದೆ. ಮಾದು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದ. ಅತ್ತೆ ಎಲೆ ಅಡಿಕೆಯ ಸಂಚಿ ಹಿಡಿದು, ಬಸ್ಸು ತೆರಕಣಾಂಬಿ ದಾಟುವವರೆಗೂ, "ನಮ್ಮೋನಿಗೇನು ತಲೆ ಕೆಟ್ಟದಾ?" ಎಂದು ನನ್ನ ಕಿವಿಯಲ್ಲಿ ಕೇಳುತ್ತಿದ್ದರು. ಕಿಟಕಿಯ ಪಕ್ಕ ಕೂತಿದ್ದ ಮಾದುಗೆ ಅದು ಚೆನ್ನಾಗಿಯೇ ಕೇಳಿಸುತ್ತಿತ್ತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವನಿಗೆ ಮಾತ್ರೆ ಬರೆದಾದ ಮೇಲೆ ನಮ್ಮನ್ನು ಕರೆದು ಕೂರಿಸಿಕೊಂಡು, "ಚಿಕ್ಕ ಮಗು ಇದ್ದಾಗ ಹೇಗಿದ್ರಮ್ಮ ಇವರು?" ಎಂದು ಅತ್ತೆಯನ್ನು ಕೇಳಿದರು.

ಅತ್ತೆಯ ಮುಖ ಅರಳಿತು. ಆ ದಿನ ಅವರಿಗೆ ಇಷ್ಟವಾದ ಪ್ರಶ್ನೆ ಅದೊಂದೇ. "ಬಂಗಾರದಂತ ಕೂಸು ಕನವ್ವ. ಮನೇಲಿ ಕೂಸು ಅದೋ ಇಲ್ವೋ ಅನ್ನಂಗಿದ್ದ. ಅಳ್ತಾನೇ ಇರ್ನಿಲ್ಲ."

"ಅಳ್ತಾನೇ ಇರಲಿಲ್ವಾ? ಯಾಕೆ?"

"ಯಾಕೆ ಅಂದ್ರೆ? ಒಳ್ಳೆ ಕೂಸು, ಅದ್ಕೆ."

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ನನಗೇನು ಗೊತ್ತು? ಹೊರಗೆ ಬರುವಾಗ ಬಾಗಿಲ ಹತ್ತಿರ ನನಗೊಬ್ಬಳಿಗೆ ಹೇಳಿದರು: "ನನಗೆ ಕಷ್ಟ ಆದಾಗ ಯಾರಾದ್ರೂ ಬರ್ತಾರಾ ಇಲ್ವಾ ಅನ್ನೋದೇ ಮಗು ಮೊದಲು ಕಲಿಯೋ ಪಾಠ. ಯಾರೂ ಬರಲ್ಲ ಅಂತ ಕಲಿತ ಮಗು ಜನರನ್ನ ಕರೆಯೋದು ಬಿಟ್ಟು ಬೇರೆ ಏನನ್ನಾದ್ರೂ ಹುಡುಕ್ಕೊಳ್ಳುತ್ತೆ. ಎಲ್ಲರೂ ಹಾಗಾಗಲ್ಲ. ಆದರೆ ಇಂಥವರ ಮನೇಲಿ ಕೇಳ್ತಾ ಹೋದ್ರೆ ತುಂಬಾ ಸಲ ಇಂಥದ್ದೊಂದು ಸಿಗುತ್ತೆ. ಸುಮ್ನೆ ವಿಚಾರಿಸಿ ನೋಡಿ."

ಅದನ್ನು ಯಜಮಾನರಿಗೆ ಹೇಳಿದ್ದೇ ತಪ್ಪಾಯಿತು. "ಕುಡೀತಿರೋನು ಈಗ. ಅವರು ಕೇಳೋದು ತೊಟ್ಟಿಲ ಕಥೆ! ಅದಕ್ಕೆ ನಾನು ಒಂದು ದಿನ ರಜಾ ಹಾಕ್ಬೇಕಾಗಿತ್ತಾ?" ಎಂದರು. ರಜೆ ಹಾಕಿರಲಿಲ್ಲ, ಬಂದೂ ಇರಲಿಲ್ಲ.

ಮಾತ್ರೆ ಅರ್ಧಂಬರ್ಧ ಆಗಿತ್ತು. ಅಷ್ಟರಲ್ಲಿ ಅತ್ತೆಗೆ ತಮ್ಮ ದಾರಿ ನೆನಪಾಯಿತು. ಒಂದು ಶನಿವಾರ ನಮ್ಮನ್ನೆಲ್ಲ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಡಿಸಿದರು. ಮೇಲೆ ಮಂಜು ಎಷ್ಟಿತ್ತೆಂದರೆ ನಮ್ಮ ಮುಂದಿನ ಮೆಟ್ಟಿಲಲ್ಲಿದ್ದವರ ಬೆನ್ನು ಮಾತ್ರ ಕಾಣುತ್ತಿತ್ತು. ಪೂಜೆ ಮುಗಿಸಿ ಹೊರಗೆ ಬಂದು, ಅತ್ತೆ ಪುಟ್ಟಿಯನ್ನು ಎತ್ತಿ ಹಿಡಿದು, "ಇಕ್ಲಾ ಕೈಯ" ಎಂದರು.

ನಾನು "ಅತ್ತೆ, ಮಗು ತಲೆ ಮೇಲೆ ಬೇಡ" ಎಂದೆ. ನನ್ನ ದನಿ ಮೆಲ್ಲಗಿರುವುದು ಗುಣ ಎಂದು ಸಿಸ್ಟರುಗಳು ಹೇಳುತ್ತಿದ್ದರು. ಅದರಿಂದ ಸಂಸಾರದಲ್ಲಿ ಒಂದು ಕೆಲಸವೂ ಆದದ್ದಿಲ್ಲ.

ಮಾದು ಮಗುವಿನ ತಲೆಯ ಮೇಲೆ ಕೈಯಿಟ್ಟು, "ಇನ್ನು ಕುಡುದ್ರೆ ಈ ಕೂಸಿನಾಣೆ" ಎಂದ. ಪುಟ್ಟಿಯ ಕೂದಲಿನ ತುಂಬ ಮಂಜಿನ ಹನಿ. ಅವಳು ತಲೆಯ ಮೇಲಿರುವುದೇನೆಂದು ನೋಡಲು ಕಣ್ಣನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಹೊರಳಿಸುತ್ತಿದ್ದಳು. ಅಪ್ಪ ತನ್ನನ್ನು ಸವರುತ್ತಿದ್ದಾನೆಂದು ತಿಳಿದು ನಕ್ಕಳು ಕೂಡ. ಮಾದು ಮುಖ ಆಚೆ ತಿರುಗಿಸಿದ.

ನಿಜ ಹೇಳಬೇಕೆಂದರೆ ಅವನು ಪ್ರಯತ್ನಪಟ್ಟ. ಕಾಫಿ ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದ. ಸುಧಾ ಅದನ್ನು ನೋಡಿ ಲೋಟವನ್ನು ಅರ್ಧಕ್ಕೆ ಮಾತ್ರ ತುಂಬಿಸಿ ಕೊಡತೊಡಗಿದ್ದಳು. ಆ ವಾರ ಅವಳ ಮುಖದಲ್ಲಿ ಏನೋ ಹಗುರಾಗಿತ್ತು. ಆಮೇಲೆ ಸೋನೆ ಹಿಡಿಯಿತು. ಬಿಡಲೇ ಇಲ್ಲ. ಫ್ಯಾಕ್ಟರಿಯ ಟೆಂಪೋ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದು ಕಿತ್ತ ಹೂವೆಲ್ಲ ಮೂಟೆಯಲ್ಲೇ ಬೆಚ್ಚಗಾಗತೊಡಗಿತು. ಮೂಟೆಯೊಳಗೆ ಕೈ ಹಾಕಿದರೆ ಜ್ವರ ಬಂದವರ ಕಂಕುಳಿಗೆ ಹಾಕಿದ ಹಾಗೆ. ಮಾದು ದಿನಕ್ಕೆ ಹತ್ತು ಸಲ ಮೂಟೆ ಬಿಚ್ಚಿ, ಹೂವನ್ನು ಜಗುಲಿಗೆ ಸುರಿದು, ಮತ್ತೆ ತುಂಬುತ್ತಿದ್ದ.

ಆ ಮಳೆಯಲ್ಲೂ ಕೇರಳದ ಕಾರುಗಳಿಗೇನೂ ಬರವಿರಲಿಲ್ಲ. ಓಣಂ ಹತ್ತಿರ ಬಂತೆಂದರೆ ರಸ್ತೆಯ ಪಕ್ಕದ ನಮ್ಮ ಹೊಲಗಳೆಲ್ಲ ಫೋಟೋ ಸ್ಟುಡಿಯೋ. ಕೊಡೆ ಹಿಡಿದು ಇಳಿದ ಒಂದು ಕುಟುಂಬದ ಹೆಂಗಸು, "ಚೇಚ್ಚೀ, ಒರು ಫೋಟೋ" ಎಂದು ಅವರ ಭಾಷೆಯಲ್ಲಿ ನನ್ನನ್ನು ಅಕ್ಕ ಮಾಡಿಕೊಂಡು, ನನ್ನ ಸೊಂಟದಿಂದ ಪುಟ್ಟಿಯನ್ನು ಎತ್ತಿಕೊಂಡು ಹೂವಿನ ನಡುವೆ ನಡೆದೇಬಿಟ್ಟಳು. ಹೊಸ ಮುಖ, ಮಳೆ ಬೇರೆ. ಆದರೂ ಪುಟ್ಟಿ ಅಳಲಿಲ್ಲ. ಬೆರಳು ಬಾಯಿಗಿಟ್ಟುಕೊಂಡು ಗೊಂಬೆಯ ಹಾಗೆ ನಿಂತಳು. "ಎಂಥ ಒಳ್ಳೆ ಮೋಳು!" ಎಂದು ಮಗುವನ್ನು ಹೊಗಳಿ, ಮಾದುವಿನ ಕೈಗೊಂದು ನೋಟು ತುರುಕಿ ಹೋದರು. ಮಾದು ಆ ನೋಟನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ ಜೇಬಿಗಿಟ್ಟ. ಆಮೇಲೆ ಬೈಕು ಹತ್ತಿ ಹೋದ. ಬಂದಾಗ ಯಾರ ಕಣ್ಣನ್ನೂ ನೋಡಲಿಲ್ಲ.

ಮರುದಿನ ಪುಟ್ಟಿಗೆ ಜ್ವರ. ಮಳೆಯಲ್ಲಿ ನೆಂದರೆ ಜ್ವರ ಬರದೆ ಇನ್ನೇನು ಬರುತ್ತದೆ? ಆದರೆ ಆ ಮನೆಯಲ್ಲಿ ಹಾಗೆ ಯೋಚಿಸಿದವಳು ನಾನೊಬ್ಬಳೇ. ಆಣೆ ತಪ್ಪಿದ್ದಕ್ಕೆ ಬಂದ ಜ್ವರ ಎಂದು ಅತ್ತೆ ಮುಡಿಪು ಕಟ್ಟಿದರು. ನೋಡಲು ಬಂದವರೆಲ್ಲ ಮೊದಲು ಮಗುವಿನ ಹಣೆ ಮುಟ್ಟಿ, ಆಮೇಲೆ ಮಾದುವಿನ ಮುಖ ನೋಡಿದರು. ಸುಧಾ ಕೆಲಸಕ್ಕೆ ಹೊರಡುವ ಮುಂಚೆ ಅವನ ಮುಂದೆ ನಿಂತು ಒಂದೇ ಮಾತು ಕೇಳಿದಳು: "ಆಣೆ ಇಡಾಕೆ ನಿಮ್ಗೆ ನಿಮ್ ತಲೆ ಇರ್ಲಿಲ್ವಾ?"

ಅದಕ್ಕೆ ಅವನು ಏನು ಮಾಡಿದ ಎಂದು ಬರೆಯಲೂ ಬೇಸರ. ಹೆದರಿಕೆಗೆ ಇನ್ನಷ್ಟು ಕುಡಿದ.

ಮಧ್ಯಾಹ್ನದ ಹೊತ್ತಿಗೆ ಮಗು ಅಳಲು ಶುರುಮಾಡಿತು. ಊರಿನ ಡಾಕ್ಟರು ಕೊಟ್ಟ ಸಿರಪ್ ಹಾಕಿದ್ದೆ, ಇನ್ನೂ ಕೆಲಸ ಮಾಡಿರಲಿಲ್ಲ. ಒದ್ದೆ ಬಟ್ಟೆ ತರಲು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಪುಟ್ಟಿ ಜಮಖಾನದ ಮೇಲೆ ಒಬ್ಬಳೇ ಬಿದ್ದುಕೊಂಡು ಚೀರುತ್ತಿದ್ದಳು. ಅತ್ತೆ ಅಡುಗೆಮನೆಯಲ್ಲಿ ಕೂತು ಒರಳುಕಲ್ಲಿನಲ್ಲಿ ಏನನ್ನೋ ನುಣ್ಣಗೆ ಅರೆಯುತ್ತಿದ್ದರು. ಪಕ್ಕದಲ್ಲಿ ಹಾಲು, ಬೆಲ್ಲ.

"ಏನತ್ತೆ ಅದು?"

"ಗಸಗಸೆ ಕನವ್ವ. ಆಲ್ಗೆ ಆಕಿ ಕುಡುಸ್ಬುಟ್ರೆ ಮನೀಕತದೆ. ನೀ ಬರಾಕಿಂತ ಮುಂಚೆ ದಿನಾ ಇದ್ನೇ ಕೊಡ್ತಿದ್ದೆ. ಎಷ್ಟು ಚೆಂದಾಗಿ ಇರ್ತಿತ್ತು! ನೀ ಬಂದು ಎತ್ಕೊಂಡು ಎತ್ಕೊಂಡು ಅಭ್ಯಾಸ ಮಾಡ್ಬುಟ್ಟೆ."

ಹೊಸಬರು ಎತ್ತಿಕೊಂಡು ಮಳೆಯಲ್ಲಿ ನಡೆದರೂ ಅಳದೆ ಬೆರಳು ಚೀಪುತ್ತಿದ್ದ ಆ ಮುಖ ನನ್ನ ಕಣ್ಣ ಮುಂದೆ ಬಂತು.

"ಮಗುಗೆ ಗಸಗಸೆ ಕೊಡಬಾರದು ಅತ್ತೆ. ಅದೂ ಜ್ವರ ಬಂದಿರೋ ಮಗುಗೆ."

"ಮಾದೂನ ಇದ್ರಲ್ಲೇ ಸಾಕಿದ್ದು ಕನ ನಾನು! ಏನಾಗದೆ ಅವುನ್ಗೆ?"

ಹೇಳಿದ ಮೇಲೆ ಅವರಿಗೇ ಆ ಮಾತು ಕೇಳಿಸಿತೇನೋ. ರುಬ್ಬುತ್ತಿದ್ದ ಕೈ ನಿಂತಿತು. ಜಗುಲಿಯ ಮೂಟೆಗಳ ನಡುವೆ ಮಾದು ಕೂತಿದ್ದ. ಅಡುಗೆಮನೆಯ ಮಾತು ಅಲ್ಲಿಗೆ ನೆಟ್ಟಗೆ ಹೋಗುತ್ತದೆ. ನಾನು ಪುಟ್ಟಿಯನ್ನು ಎತ್ತಿಕೊಂಡು ಅತ್ತೆಯ ಎದುರು ಕೂತೆ. ಯಾರೂ ಕೇಳದಿದ್ದರೂ ಅತ್ತೆ ಹೇಳತೊಡಗಿದರು. ಮಾವ ಆಗ ಕೂಲಿಗೆಂದು ವಯನಾಡಿಗೆ ಹೋದವರು ಹಬ್ಬಕ್ಕಷ್ಟೇ ಬರುತ್ತಿದ್ದರಂತೆ. ಹೊಲವಿರಲಿಲ್ಲ, ಬೇರೆಯವರ ಅರಿಶಿನದ ಹೊಲದಲ್ಲಿ ಕಳೆ ಕೀಳುವ ಕೆಲಸ. ದೊಡ್ಡ ಮಗ, ಅಂದರೆ ನಮ್ಮ ಯಜಮಾನರು, ಹುಟ್ಟಿದಾಗ ಮನೆಯಲ್ಲಿ ಅಜ್ಜಿ ಇದ್ದರು. "ಅವುನ್ನ ಅಜ್ಜಿ ನೆಲಕ್ಕೇ ಬುಡ್ತಿರ್ನಿಲ್ಲ." ಮಾದು ಹುಟ್ಟುವ ಹೊತ್ತಿಗೆ ಅಜ್ಜಿ ಇಲ್ಲ. ಬೆಳಿಗ್ಗೆ ಗಸಗಸೆ ಹಾಲು ಕುಡಿಸಿ, ಹೊಲದ ಬದುವಿನ ಹೊಂಗೆ ಮರಕ್ಕೆ ಸೀರೆಯ ತೊಟ್ಟಿಲು ಕಟ್ಟಿ ಮಲಗಿಸಿ, ಇವರು ಸಾಲು ಹಿಡಿಯುತ್ತಿದ್ದರು. ಎದ್ದರೆ ಚೀಪಿಕೊಳ್ಳಲೆಂದು ಅದೇ ಹಾಲಿನಲ್ಲಿ ಅದ್ದಿದ ಬಟ್ಟೆಯ ತುದಿಯನ್ನು ಬಾಯಿಯ ಹತ್ತಿರವೇ ಇಟ್ಟಿರುತ್ತಿದ್ದರು.

ಆಗ ಜಗುಲಿಯಿಂದ ದನಿ ಬಂತು. "ಅವ್ವಾ, ನಾನು ಅಳ್ತಿದ್ನಾ?"

ಅತ್ತೆ ಬಾಗಿಲ ಕಡೆ ನೋಡಲಿಲ್ಲ. ಒರಳಿನಲ್ಲಿದ್ದುದನ್ನು ಬೆರಳಿನಿಂದ ಒಟ್ಟು ಮಾಡುತ್ತ, "ಮೊದ್‌ಮೊದ್ಲು ಅಳ್ತಿದ್ದೆ ಕಣ್ಲಾ. ಒಲದ ಆ ತುದೀಗಂಟ ಕೇಳ್ಸದು. ಆಮೇಕೆ ನಿಲ್ಸ್‌ಬುಟ್ಟೆ."

"ನೀನು ಬತ್ತಿದ್ಯಾ?"

"ಎಂಗ್ ಬರನ್ಲಾ? ಸಾಲು ಬುಟ್ಟು ಎದ್ರೆ ಅರ್ಧ ಕೂಲಿ ಮುರ್ಕತಿದ್ರು. ನೀ ಅಳಾದು ಕೇಳುದ್ರೆ ಎದೆ ಆಲು ಇಳ್ದು ರವ್ಕೆ ನೆನೀತಿತ್ತು. ಅಂಗೇ ಕಳೆ ಕೀಳ್ತಿದ್ದೆ."

ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಅಷ್ಟು ದಿನದಿಂದ ಹೊಟ್ಟೆಯಲ್ಲಿ ಕೂಡಿಟ್ಟುಕೊಂಡದ್ದನ್ನು ಇವರ ಮೇಲೆ ಸುರಿಯೋಣವೆಂದರೆ, ಇವರೋ ನೆನೆದ ರವಿಕೆಯಲ್ಲಿ ಅರಿಶಿನದ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತ ಮೂವತ್ತು ತುಂಬದ ಹೆಣ್ಣು. ಆ ಹೊಲದ ಮಾಲೀಕನ ಮೇಲೆ ಮಾಡಿದರೆ ಅವನು ಯಾವಾಗಲೋ ತೀರಿಕೊಂಡಿದ್ದ. ಗಸಗಸೆಯಿಂದ ಯಾರೂ ಕುಡುಕರಾಗುವುದಿಲ್ಲ, ಅಷ್ಟು ನನಗೂ ಗೊತ್ತು. ನಮ್ಮಮ್ಮನ ಕೈಯ ಗಸಗಸೆ ಪಾಯಸ ಉಂಡು ನಾನೂ ಹಬ್ಬದ ಮಧ್ಯಾಹ್ನಗಳನ್ನು ನಿದ್ದೆಯಲ್ಲಿ ಕಳೆದಿದ್ದೇನೆ. ಆದರೆ ನಾನು ಅತ್ತಾಗ ಯಾರಾದರೂ ಬರುತ್ತಿದ್ದರು. ಇವನಿಗೆ ಪ್ರತಿ ಸಲ ಅಳು ಬಂದಾಗಲೂ ಒಂದು ಬಟ್ಟೆಯ ತುದಿ ಬಾಯಿಗೆ ಬಂದಿತ್ತು. ಈಗ ಬಟ್ಟೆಯ ತುದಿಯ ಬದಲು ಪ್ಯಾಕೆಟ್ಟಿನ ಮೂಲೆ. ಅದೇ ಬಾಯಿ, ಅದೇ ಮುಚ್ಚಿದ ಕಣ್ಣು. ಇವನಿಗೆ ಎಲ್ಲರೂ ಮನಸ್ಸು ಗಟ್ಟಿ ಮಾಡಿಕೋ ಎನ್ನುತ್ತಿದ್ದೆವು!

ನಾನು ಎದ್ದು ಪುಟ್ಟಿಯನ್ನು ಅತ್ತೆಯ ತೊಡೆಯ ಮೇಲೆ ಹಾಕಿದೆ. "ಆ ಹಾಲು ಅಲ್ಲೇ ಇರಲಿ ಅತ್ತೆ. ನೀವು ಎತ್ಕೊಳಿ. ಅಷ್ಟೇ ಸಾಕು."

"ಅಳ್ತಾ ಅದಲ್ಲವ್ವ."

"ಅಳಲಿ. ಈಗ ನಿಮ್ಮನ್ನ ಸಾಲಿಗೆ ಕರೆಯೋರು ಯಾರೂ ಇಲ್ಲ."

ಅತ್ತೆಗೆ ನಿಜವಾಗಿಯೂ ಮುಜುಗರವಾಯಿತು. ಬೇರೆಯವರ ಮನೆಯ ಮಗುವನ್ನು ಹಿಡಿದವರ ಹಾಗೆ ಹಿಡಿದುಕೊಂಡರು. ಮೊದಲು ತಟ್ಟಿದರು, ಆಮೇಲೆ ಸೆರಗಿನಲ್ಲಿ ಮೂಗು ಒರೆಸಿದರು, ಆಮೇಲೆ ಏನು ಮಾಡುವುದೆಂದು ತೋಚದೆ ಸುಮ್ಮನೆ ಹೆಗಲಿಗೆ ಒತ್ತಿಕೊಂಡು ಹಿಂದಕ್ಕೂ ಮುಂದಕ್ಕೂ ತೂಗಾಡಿದರು. ಪುಟ್ಟಿ ಬಹಳ ಹೊತ್ತು ಅತ್ತಳು. ಸಿರಪ್ಪು ಹಿಡಿದು ಬೆವರು ಬಂತು, ಅಜ್ಜಿಯ ರವಿಕೆಯ ಮೇಲೆ ಜೊಲ್ಲು ಸುರಿಸುತ್ತ ಮಲಗಿದಳು. ಅತ್ತೆ ಮಂಡಿನೋವಿನಲ್ಲೂ ಅಲುಗಾಡದೆ ಕೂತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು ಎಂದು ಬರೆದರೆ ಅವರು ಒಪ್ಪುವುದಿಲ್ಲ, ಹೊಗೆ ಎನ್ನುತ್ತಾರೆ. ಒಲೆ ಉರಿಯುತ್ತಿರಲಿಲ್ಲ.

ಸಂಜೆ ಯಜಮಾನರು ಮಗುವನ್ನು ನೋಡಲು ಬಂದರು. ಮುಚ್ಚಿಟ್ಟಿದ್ದ ಹಾಲನ್ನು ತೆಗೆದು, ಅರೆದಿಟ್ಟ ಗಸಗಸೆಯನ್ನು ತಾವೇ ಬೆರೆಸಿ, ಬೆಲ್ಲ ಸಾಲದೆಂದು ಗೊಣಗಿ ಕುಡಿದರು. ನಾನು ಎಲ್ಲ ಹೇಳಿದೆ. "ಆ ಕಾಲದಲ್ಲಿ ಎಲ್ಲಾರ ಮನೇಲೂ ಕುಡಿಸ್ತಿದ್ರು ಕಣೇ. ನಾನೇನು ಕುಡುಕ ಆಗಿದ್ದೀನಾ?" ಎಂದು ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಂಡರು. ಅಜ್ಜಿ ಸೊಂಟದಿಂದ ಇಳಿಸದೆ ಬೆಳೆಸಿದ ಮಗು ಅದು. ಸ್ಟವ್ವು ಆಗಲೇ ಹೊಳೆಯುತ್ತಿತ್ತು. ನಾನು ಹಂಡೆ ಉಜ್ಜಲು ಹೋದೆ.

ಹೂವು ಮುಗಿಯಿತು. ಸುಧಾ ಹೇಳಿದಂತೆಯೇ ಮಾಡಿದಳು. ಹೋದದ್ದು ಮಾತ್ರ ತವರು ಉಡಿಗಾಲಕ್ಕಲ್ಲ, ಗುಂಡ್ಲುಪೇಟೆಗೆ. "ಅಕ್ಕಾ, ಅಗಲೊತ್ತು ನೀವು ನೋಡ್ಕೊಂಡ್ರೆ..." ಎಂದಳು. ನಾನು ಖಾಲಿ ಇರುವ ವಿಷಯ ಅವಳಿಗೂ ತಿಳಿದಿತ್ತು. ಅವಳು ಚೀಲ ಹೊತ್ತು ಹೊರಟ ದಿನ ಮಾದು ತಡೆಯಲಿಲ್ಲ. ಬಸ್ಸು ಹೋದ ಮೇಲೆ ನನ್ನ ಹತ್ತಿರ ಬಂದು, "ಅತ್ತಿಗೆ, ಆ ಡಾಕ್ಟ್ರಮ್ಮನತ್ರ ಇನ್ನೊಂದ್ಸಲ ಹೋಗನವಾ?" ಎಂದ. ಹೋದೆವು. ಸೇರಿಸಿಕೊಂಡರು, ಬಿಟ್ಟ, ಮನೆಗೆ ಬಂದ, ಕುಡಿದ, ಮತ್ತೆ ಹೋದ. ಮಗುವನ್ನು ನೋಡಲು ಬರುತ್ತೇನೆಂದು ಹೇಳಿ ಬಾರದ ಸಂಜೆಗಳೇ ಹೆಚ್ಚು. ಬಂದ ಸಂಜೆಗಳಲ್ಲಿ ನಾನೇ ಗೇಟಿನಲ್ಲಿ ನಿಂತು, ವಾಸನೆ ನೋಡಿ, ತಿರುಗಿಸಿ ಕಳಿಸಿದ್ದೂ ಉಂಟು. ಆ ಕೆಲಸ ನನಗೆ ಒಗ್ಗುವಂಥದ್ದಲ್ಲ. ಒಬ್ಬರಾದರೂ ಅದನ್ನು ತಮ್ಮ ಮೈಮೇಲೆ ಹಾಕಿಕೊಂಡಿದ್ದರೆ ನಾನು ಆರಾಮಾಗಿ ಬಟ್ಟೆ ಮಡಿಸಿಕೊಂಡಿರುತ್ತಿದ್ದೆ.

ಇವತ್ತು ಸಂಜೆಯೂ ಹಾಗೇ ಗೇಟಿನಲ್ಲಿ ನಿಂತಿದ್ದೆ. ಕೆಟ್ಟಿದ್ದ ಗೂಡ್ಸ್ ಆಟೋ ಹೋಗಿ ಬಹಳ ಹೊತ್ತಾಗಿತ್ತು, ವಾಸನೆ ಇನ್ನೂ ಇತ್ತು. ಆ ವಾಸನೆಯ ಜೊತೆಗೇ ಮಾದು ಬಂದ. ಉಗುರಿನ ಸಂದೆಲ್ಲ ಹೂವಿನ ಹಳದಿ. ನಾನು ಕೇಳುವ ಮೊದಲೇ ಗೇಟಿನ ಆಚೆ ನಿಂತು, ಸ್ಕೂಲಿನಲ್ಲಿ ಉಗುರು ತೋರಿಸುವ ಮಕ್ಕಳ ಹಾಗೆ ಮುಖ ಮುಂದೆ ಮಾಡಿ "ಹಾ" ಎಂದು ಉಸಿರು ಬಿಟ್ಟ. ಎಲೆ ಅಡಿಕೆಯ ವಾಸನೆ, ಚೆಂಡುಹೂವಿನ ವಾಸನೆ. ಬೇರೇನೂ ಇಲ್ಲ. ನನಗೆ ನಾಚಿಕೆಯಾಗಿ ಗೇಟು ತೆರೆದೆ.

ಪುಟ್ಟಿಯನ್ನು ಅವನ ಕೈಗೆ ಕೊಟ್ಟೆ. ಅವಳು ಒಂದು ಗಳಿಗೆ ಅವನ ಮುಖ ನೋಡಿ, ಕೆಳತುಟಿ ಮುಂದೆ ತಂದು, ಬೆಳಗಿನದಕ್ಕಿಂತ ಜೋರಾಗಿ ಶುರುಮಾಡಿದಳು. ಮಾದುವಿನ ಹುಬ್ಬು ಗಂಟಾಗುವ ಮೊದಲೇ ಕೈ ಜೇಬಿಗೆ ಹೋಯಿತು. ಮಗುವನ್ನು ವಾಪಸು ಪಡೆಯಲು ನಾನು ಕೈ ಚಾಚಿದೆ. ಹೊರಗೆ ಬಂದದ್ದು ಮೊಬೈಲು.

"ಕಾರ್ಟೂನ್ ಆಕ್ತೀನಿ ಅತ್ತಿಗೆ. ಸುಮ್ಕಾಯ್ತಾಳೆ."

"ಬೇಡ ಮಾದು. ಏನೂ ಕೊಡ್ಬೇಡ. ಎತ್ಕೊಂಡು ಓಡಾಡು."

"ಅಳ್ತಾವ್ಳಲ್ಲ ಅತ್ತಿಗೆ..."

"ಅಳ್ತಾಳೆ. ನೀನು ಬಂದಿದ್ದೀಯಲ್ಲ, ಅಳ್ತಾಳೆ."

ಅವನು ಮೊಬೈಲನ್ನು ಜೇಬಿಗೆ ಹಾಕಿದ. ಗೇಟಿನಿಂದ ನಲ್ಲಿಯ ತನಕ, ನಲ್ಲಿಯಿಂದ ಗೇಟಿನ ತನಕ ನಡೆಯತೊಡಗಿದ. ಎರಡೂ ಕೈಯಲ್ಲಿ ಹಿಡಿದಿದ್ದ, ಆ ಕಾಫಿ ಲೋಟವನ್ನು ಹಿಡಿಯುತ್ತಿದ್ದ ಹಾಗೆ. ಅವನ ಮುಖ ಕಿವುಚಿಕೊಂಡಿತ್ತು. ಅಷ್ಟು ಹೊತ್ತು ಅದು ಹಾಗೇ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಪುಟ್ಟಿ ಅವನ ಕಾಲರನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗುತ್ತ ಬೀದಿಗೆಲ್ಲ ಕೇಳುವಂತೆ ಅಳುತ್ತಿದ್ದಳು.

ಕಾಂಪೌಂಡಿನ ಮೇಲೆ ಪದ್ಮಮ್ಮನ ತಲೆ ಕಾಣಿಸಿತು. ಒಣಗಿದ ಬಟ್ಟೆಯನ್ನು ತೋಳಿನ ಮೇಲೆ ಹಾಕಿಕೊಳ್ಳುತ್ತ ಹೇಳಿದರು:

"ಅಬ್ಬಬ್ಬಾ, ಏನ್ ಗಂಟ್ಲಮ್ಮಾ ನಿಮ್ ಪಾಪುಂದು! ನಮ್ ಮೊಮ್ಮಗ ಬಂಗಾರ ಕಣ್ರೀ. ಕೈಗೊಂದು ಮೊಬೈಲ್ ಕೊಟ್ಬುಟ್ರೆ ಮುಗೀತು, ಮನೇಲಿ ಮಗು ಅದೋ ಇಲ್ವೋ ಅಂತಾನೇ ಗೊತ್ತಾಗಲ್ಲ."